ಲೀಡರ್ ಆಗೋಕೆ ಯಾವ ಕೋರ್ಸ್ ಮಾಡಲಿ, ಸರ್?

ಡಿಗ್ರಿ ಓದುವ ಮಕ್ಕಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ‘ಕಂಪನಿಯವರು ಲೀಡರ್‌ಶಿಪ್ ಬೇಕು ಅಂತಾರೆ ಸರ್, ಎಲ್ಲಿ ಕಲಿಯೋದು?’

ಕೋರ್ಸ್ ಮಾಡಿ, ಬೇಡ ಅನ್ನಲ್ಲ. ಆದರೆ ನನ್ನ ಉತ್ತರ ಬೇರೆ. ಎನ್ನೆಸ್ಸೆಸ್, ಅಂದರೆ ಕಾಲೇಜುಗಳಲ್ಲಿರುವ ರಾಷ್ಟ್ರೀಯ ಸೇವಾ ಯೋಜನೆ ಸೇರಿ. ಏಳು ದಿನದ ವಾರ್ಷಿಕ ಶಿಬಿರಕ್ಕೆ ಹೋಗಿ. ಅಲ್ಲಿ ಅಡುಗೆ ತಂಡದ ಜವಾಬ್ದಾರಿ ಕೇಳಿ ತಗೊಳ್ಳಿ.

ಇದನ್ನು ಕೇಳಿ ಮುಖ ಸಪ್ಪಗೆ ಮಾಡುವವರೇ ಹೆಚ್ಚು. ನಿರೂಪಣೆಗೆ, ಬ್ಯಾನರ್ ಮುಂದಿನ ಫೋಟೋಗೆ ಜನ ಸಾಲು ನಿಲ್ಲುತ್ತಾರೆ, ಪಾತ್ರೆ ತೊಳೆಯುವ ಕಡೆ ಯಾರೂ ಸುಳಿಯುವುದಿಲ್ಲ. ಆದರೆ ಭಾಷಣ ಕೆಟ್ಟರೆ ಜನ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ, ಅಷ್ಟೇ. ಊಟ ಕೆಟ್ಟರೆ ಒಂದು ಗಂಟೆಗೆ ಸರಿಯಾಗಿ ಎಲ್ಲರಿಗೂ ಗೊತ್ತಾಗುತ್ತದೆ.

ಐವತ್ತು ಜನರ ಶಿಬಿರ ಅಂದುಕೊಳ್ಳಿ. ತಲೆಗೆ 100ರಿಂದ 120 ಗ್ರಾಂ ಅಕ್ಕಿ ಅಂದರೂ ಹೊತ್ತಿಗೆ ಐದಾರು ಕೆಜಿ. ಬೆಳಗ್ಗೆಯಿಂದ ಚರಂಡಿ ಹೂಳೆತ್ತಿ ಬಂದವರಿಗೆ ಅದು ಸಾಲುವುದಿಲ್ಲ. ಅಷ್ಟರಲ್ಲಿ ಪಂಚಾಯಿತಿ ಸದಸ್ಯರು ಆರೇಳು ಜನರನ್ನು ಕರಕೊಂಡು ಬರುತ್ತಾರೆ. ‘ಊಟ ಮಾಡ್ಕೊಂಡು ಹೋಗಿ’ ಅಂತ ಪ್ರಿನ್ಸಿಪಾಲರು ಹೇಳಿಯೇ ಬಿಡುತ್ತಾರೆ. ಸಾರಿಗೆ ನೀರು ಬೆರೆಸೋಕೆ ಯಾರಿಗಾದರೂ ಬರುತ್ತದೆ. ಹಸಿದು ತಟ್ಟೆ ಹಿಡಿದು ನಿಂತವರ ಮುಂದೆ ಹೋಗಿ ‘ಇನ್ನರ್ಧ ಗಂಟೆ ಕಾಯ್ರಪ್ಪಾ’ ಅನ್ನೋರು ಯಾರು? ತಂಡದ ನಾಯಕಿಯೇ ಅನ್ನಬೇಕು. ನಾಯಕಿ ಅಂದೆ, ಹಾಗಂತ ಅಡುಗೆಗೆ ಹುಡುಗಿಯರು, ಗುದ್ದಲಿಗೆ ಹುಡುಗರು ಅಂತ ಹಂಚುವ ಚಾಳಿಗೆ ನಾನು ಪೂರ್ತಿ ವಿರೋಧಿ. ಹುಡುಗರೂ ಈರುಳ್ಳಿ ಹೆಚ್ಚಲಿ.

ಎನ್ನೆಸ್ಸೆಸ್ ಶುರುವಾಗಿದ್ದು ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಸ್ವಯಂಸೇವಕರಾದವರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಮೊದಲ ತಿಂಗಳ ಹುರುಪು ಇಳಿದ ಮೇಲೂ ಇನ್ನೂ ಬಹಳ ಗಂಟೆ ಉಳಿದಿರುತ್ತದೆ, ಅಸಲಿ ಕಲಿಕೆ ಆಗೋದು ಆಗಲೇ. ಸರ್ಟಿಫಿಕೇಟಿಗೆ ಅಂತಲೇ ಸೇರಿದವರು ಇರುತ್ತಾರಲ್ಲ, ಅವರ ಬಗ್ಗೆ ಬೇಜಾರು ಬೇಡ. ಅವರಿಗೆ ನೀವು ಸಂಬಳ ಕೊಡಲ್ಲ, ಕೆಲಸದಿಂದ ತೆಗೆಯೋಕೂ ಆಗಲ್ಲ. ಗದರಿದರೆ ಸಂಜೆ ಬಸ್ಸಿಗೆ ಊರಿಗೆ ಹೋಗ್ತಾರೆ. ಅಂಥವನ ಕೈಲಿ ಬೆಳಗ್ಗೆ ಐದಕ್ಕೆ ಒಲೆ ಹಚ್ಚಿಸಬೇಕಾದರೆ ಅವನು ಯಾಕೆ ಜಾರಿಕೊಳ್ತಾನೆ ಅಂತ ತಿಳಿಯಬೇಕು. ಎಷ್ಟೋ ಸಲ ಕಾರಣ ಇಷ್ಟೇ: ನಿನ್ನೆಯೂ ಮೊನ್ನೆಯೂ ಪಾತ್ರೆ ಅವನ ಪಾಲಿಗೇ ಬಂದಿರುತ್ತದೆ. ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ, ನಿಮ್ಮ ಹೆಸರೂ ಅದರಲ್ಲಿರಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನು ಭಾಷಣ ಕಲೆ, ಆತ್ಮವಿಶ್ವಾಸ ಅಂತೆಲ್ಲ ಕೇಳ್ತಾರೆ. ಅದು ಬರುತ್ತೆ ಬಿಡಿ.

ಕಾಲೇಜಿನಲ್ಲಿ ಎನ್ನೆಸ್ಸೆಸ್ ಇಲ್ಲವಾ? ಹಾಸ್ಟೆಲ್ ಮೆಸ್ ಸಮಿತಿ ಸೇರಿ. ಅದೂ ಇಲ್ಲದಿದ್ದರೆ ಕಾಲೇಜ್ ಡೇ ಖರ್ಚಿನ ಲೆಕ್ಕ ವಹಿಸಿಕೊಳ್ಳಿ. ಸಂತೆಯಲ್ಲಿ ತರಕಾರಿಗೆ ಬಿಲ್ ಸಿಗಲ್ಲ, ಹೂವಿನವರೂ ಕೊಡಲ್ಲ. ಅವತ್ತಿನದು ಅವತ್ತೇ ಬರೆದು ಇಬ್ಬರ ಸಹಿ ಹಾಕಿಸಿ, ರಾತ್ರಿ ಎಲ್ಲರ ಮುಂದೆ ಓದಿ. ಮೂವತ್ತು ರೂಪಾಯಿ ಎಲ್ಲಿ ಹೋಯ್ತು ಅಂತ ಒಬ್ಬ ಕೇಳೇ ಕೇಳ್ತಾನೆ. ಸಿಟ್ಟಾಗದೆ ಪುಸ್ತಕ ಅವನ ಕೈಗೆ ಕೊಡಿ.