ಮದುವೆಗೆ ಡೇಟ್ ಗೊತ್ತಿರುತ್ತೆ, ಸಾವಿಗೆ ಗೊತ್ತಿರಲ್ಲ

ನವೆಂಬರ್-ಡಿಸೆಂಬರ್ ಮದುವೆಗೆ ಫೋನ್ ಮಾಡೋರು ಮೊದಲು ಕೇಳೋದೇ ಮಲ್ಲಿಗೆ. ಅಕ್ಕ, ಮಂಟಪ ಪೂರ್ತಿ ಮಲ್ಲಿಗೇಲೇ ಆಗ್ಬೇಕು, ದುಡ್ಡಿನ ಯೋಚ್ನೆ ಮಾಡ್ಬೇಡಿ ಅಂತಾರೆ. ಆದ್ರೆ ಮಲ್ಲಿಗೆ ಬಿಸಿಲುಗಾಲದ ಹೂ, ಮಾರ್ಚಿಂದ ಮೇವರೆಗೂ ಗಿಡ ತುಂಬ ಬಿಡುತ್ತೆ, ಚಳಿ ಶುರುವಾದ್ರೆ ಮೊಗ್ಗೇ ಸಿಗಲ್ಲ, ಸಿಗೋ ಸ್ವಲ್ಪಕ್ಕೆ ಕೆ.ಆರ್. ಮಾರ್ಕೆಟ್‌ನಲ್ಲಿ ಕೆಜಿಗೆ ಸಾವಿರ ದಾಟುತ್ತೆ, ಅದೂ ಎಲ್ಲಿಂದಲೋ ಐಸ್ ಹಾಕ್ಕೊಂಡು ಬಂದಿದ್ದು, ಮುಹೂರ್ತದ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿರುತ್ತೆ. ಅದೇ ಟೈಮಲ್ಲಿ ನಮ್ಮ ತೋಟದಲ್ಲಿ ಸೇವಂತಿಗೆ ಕಾಲಿಡಕ್ಕೂ ಜಾಗ ಇಲ್ದಂಗೆ ಬಿಟ್ಟಿರುತ್ತೆ.

ನಾವಿರೋದು ಚಿಕ್ಕಬಳ್ಳಾಪುರದ ಕಡೆ. ನಾನು, ನಮ್ಮೆಜಮಾನ್ರು, ನಮ್ಮತ್ತೆ, ಮೂರೂ ಜನ ಹೂವಿನ ಕೆಲಸದಲ್ಲೇ ಇದೀವಿ. ಬಿಡಿ ಹೂ ಮಂಡಿಗೆ ಹಾಕ್ತೀವಿ, ಜೊತೆಗೆ ಸುತ್ತಮುತ್ತಲ ಊರಿನ ಮದುವೆಗೂ ಸಾವಿಗೂ ನಾವೇ ಕಟ್ಟಿ ಕೊಡ್ತೀವಿ. ಆಯಾ ಕಾಲದಲ್ಲಿ ನಮ್ಮ ನೆಲದಲ್ಲಿ ಏನು ಬಿಡುತ್ತೋ ಅದನ್ನೇ ಕಟ್ಟೋದು ಅಂತ ನಾವು ಇಟ್ಕೊಂಡಿದೀವಿ, ಅದು ಹೆಂಗೆ ನಡೆಯುತ್ತೆ ಅಂತ ತುಂಬ ಜನ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಸೇವಂತಿಗೆ ಗಿಡ ಹಗಲು ಕಮ್ಮಿಯಾದ್ರೆ ಮೊಗ್ಗು ಕಟ್ಟುತ್ತೆ. ಜೂನ್-ಜುಲೈಲಿ ಸಸಿ ನೆಟ್ರೆ ಅಕ್ಟೋಬರಿಂದ ಡಿಸೆಂಬರ್‌ವರೆಗೂ ತಾನೇ ಬಿಡುತ್ತೆ. ಬೇರೆ ಟೈಮಲ್ಲಿ ಬೇಕು ಅನ್ನೋರು ರಾತ್ರಿ ಹೊಲದ ತುಂಬ ಬಲ್ಬ್ ಹಾಕ್ತಾರೆ, ಗಿಡಕ್ಕೆ ಇನ್ನೂ ಹಗಲು ಅನ್ನಿಸಿ ಮೊಗ್ಗು ಬಿಡದೆ ಎತ್ತರ ಬೆಳೆಯುತ್ತೆ, ಆಮೇಲೆ ಬಲ್ಬ್ ಆಫ್ ಮಾಡಿ ಹೂ ತಗೀತಾರೆ. ನಮ್ಮ ಕಡೆ ರಾತ್ರಿ ಬಸ್ಸಲ್ಲಿ ಹೋಗೋರು ಆ ಲೈಟಿನ ಹೊಲ ನೋಡೇ ಇರ್ತೀರ. ಆ ರೈತರನ್ನ ನಾನು ಬೈಯಲ್ಲ, ಸೀಸನ್‌ನಲ್ಲಿ ರೇಟ್ ಬಿದ್ದು ಹೂ ರೋಡಲ್ಲಿ ಸುರಿಯೋ ಪರಿಸ್ಥಿತಿ ಬಂದಾಗ ಇನ್ನೇನು ಮಾಡ್ತಾರೆ. ಸೀಸನ್‌ನಲ್ಲಿ ಬಿಡೋ ಹೂನ ಸೀಸನ್‌ನಲ್ಲೇ ಜನ ಕೇಳಿದ್ರೆ ಇಬ್ಬರಿಗೂ ಒಳ್ಳೇದು ಅಂತ ನನ್ನ ಲೆಕ್ಕ.

ಮದುವೆ ಕೆಲಸ ಸುಲಭ ಅಂತ ನಾನು ಹೇಳ್ತೀನಿ, ಯಾಕಂದ್ರೆ ಡೇಟ್ ಗೊತ್ತಿರುತ್ತೆ. ಚೆಂಡು ಹೂ ಸಸಿ ನೆಟ್ಟು ಎರಡು ತಿಂಗಳಿಗೆ ಕೊಯ್ಲಿಗೆ ಬರುತ್ತೆ, ಲಗ್ನಪತ್ರಿಕೆ ಆದ ತಕ್ಷಣ ಹೇಳಿದ್ರೆ ಅವರಿಗೇ ಅಂತ ನೆಟ್ಟುಬಿಡಬಹುದು. ಟೊಮ್ಯಾಟೋ ಹಾಕಿದ್ರೂ ಮಧ್ಯ ಚೆಂಡು ಹೂ ಇರ್ಲೇಬೇಕು, ಹದಿನಾರು ಸಾಲಿಗೆ ಒಂದು ಸಾಲು ಅಂತ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೋರು ಹೇಳ್ಕೊಟ್ಟಿರೋದು, ಕಾಯಿ ಕೊರೆಯೋ ಹುಳದ ಚಿಟ್ಟೆ ಟೊಮ್ಯಾಟೋ ಬಿಟ್ಟು ಚೆಂಡು ಹೂ ಮೇಲೆ ಮೊಟ್ಟೆ ಇಡುತ್ತೆ, ಔಷಧಿ ಹೊಡೆಯೋದು ಕಮ್ಮಿಯಾಗುತ್ತೆ. ಅದೇ ಸಂಸ್ಥೆಯ ಆಸ್ಟರ್ ತಳಿಗಳನ್ನೂ ಹಾಕ್ತೀವಿ, ಬಿಳಿಗೆ ಪೂರ್ಣಿಮಾ, ಗುಲಾಬಿ ಬಣ್ಣಕ್ಕೆ ಕಾಮಿನಿ. ಇದಕ್ಕೆ ದವನ, ಮರುಗ, ಪಚ್ಚೆ ತೆನೆ, ಮಾವಿನ ಸೊಪ್ಪು, ಒಂದೆರಡು ಅಡಿಕೆ ಹೊಂಬಾಳೆ ಸೇರಿಸಿದ್ರೆ ಮಂಟಪಕ್ಕೆ ಬೇರೆ ಏನೂ ಬೇಡ, ವಾಸನೆಗೇ ಜನ ತಿರುಗಿ ನೋಡ್ತಾರೆ.

ಕಷ್ಟ ಇರೋದು ಸಾವಿಂದು. ಬೆಳಗಿನ ಜಾವ ನಾಲ್ಕು ಗಂಟೆಗೆ ಫೋನ್ ಬರುತ್ತೆ, ಹನ್ನೊಂದಕ್ಕೆ ಎತ್ತುತಾರೆ, ಅಷ್ಟರಲ್ಲಿ ಹೂ ಆಗ್ಬೇಕು. ಯಾವ ತಿಂಗಳು ಬೇಕಾದ್ರೂ ಬರಬಹುದು, ಆಷಾಢ ಧನುರ್ಮಾಸ ಅಂತ ಮದುವೆ ನಿಲ್ಲುತ್ತೆ, ಇದು ನಿಲ್ಲಲ್ಲ. ಅದಕ್ಕೇ ನಮ್ಮ ತೋಟದ ಪ್ಲಾನ್ ಎಲ್ಲಾ ಇನ್ನೂ ಯಾರೂ ಹೇಳಿಲ್ಲದ ಸಾವಿನ ಲೆಕ್ಕದಲ್ಲೇ ನಡೆಯೋದು. ಸುಗಂಧರಾಜ ಯಾವಾಗ್ಲೂ ಇರಬೇಕು, ಗೆಡ್ಡೆ ಒಂದ್ಸಲ ಇಟ್ರೆ ಎರಡು ಮೂರು ವರ್ಷ ಬಿಡುತ್ತೆ, ನಾವು ಅರ್ಕಾ ಪ್ರಜ್ವಲ್ ಅನ್ನೋ ತಳಿ ಹಾಕಿದೀವಿ, ಚಳಿಗೆ ಸ್ವಲ್ಪ ಕಮ್ಮಿಯಾದ್ರೂ ಕೈ ಬಿಡಲ್ಲ. ಚೆಂಡು ಹೂ ಹದಿನೈದು ದಿನಕ್ಕೊಂದು ಮಡಿ ನೆಡ್ತಾ ಹೋಗೋದು. ಒಂದೇ ಸಲ ನೆಟ್ರೆ ಖರ್ಚು ಕಮ್ಮಿ ಅಂತ ಅಕ್ಕಪಕ್ಕದೋರು ಹೇಳ್ತಾರೆ, ಹೌದು, ಆದ್ರೆ ಸಾವಿನ ಮನೆಗೆ ಹೂ ಮುಗೀತು ಅಂತ ಹೇಳಕ್ಕೆ ನಂಗೆ ಬಾಯಿ ಬರಲ್ಲ.

ಸಾವಿನ ಮನೇಲಿ ಏನಾಗುತ್ತೆ ಅಂದ್ರೆ ಬರೋ ನೆಂಟರೆಲ್ಲ ದಾರೀಲಿ ಸಿಕ್ಕಿದ ಅಂಗಡಿಯಿಂದ ಒಂದೊಂದು ಹಾರ ತರ್ತಾರೆ, ನೈಲಾನ್ ದಾರ, ಮಧ್ಯ ಮಧ್ಯ ಜರಿ ಪೇಪರ್, ಬಣ್ಣದಲ್ಲಿ ಅದ್ದಿದ ಹೂ. ಮುಖ ಕಾಣದಷ್ಟು ಗುಡ್ಡೆ ಆಗುತ್ತೆ. ಹೂಳೋರಾದ್ರೆ ಅಷ್ಟೂ ಗುಂಡಿ ಒಳಗೆ ಹೋಗುತ್ತೆ, ಮನುಷ್ಯ ಮಣ್ಣಾಗ್ತಾನೆ, ಆ ದಾರ ಮಣ್ಣಾಗಲ್ಲ. ಸುಡೋರಾದ್ರೆ ಚಿತೆ ಮೇಲೆ ಪ್ಲಾಸ್ಟಿಕ್ ಹೊಗೆ. ಮಗ ಕೊಳ್ಳಿ ಇಟ್ಟು ನಿಂತಿರ್ತಾನೆ, ಆ ಹೊಗೆಗೆ ಕಣ್ಣು ಉಜ್ಜಿಕೊಳ್ಳೋದನ್ನ ನಾನು ನೋಡಿದೀನಿ, ತುಂಬ ಹೊಟ್ಟೆ ಉರಿಯುತ್ತೆ.

ನಾವು ಮಾಡೋದು ಇಷ್ಟೆ. ಒಂದೇ ದೊಡ್ಡ ಹಾರ ಮನೆಯೋರ ಕಡೆಯಿಂದ, ಹತ್ತಿ ದಾರ ಇಲ್ಲಾ ಬಾಳೆ ನಾರಲ್ಲಿ. ಬಾಗಿಲ ಹತ್ರ ಬಿದಿರಿನ ಮಂಕರಿಯಲ್ಲಿ ಬಿಡಿ ಹೂ, ಬಂದೋರು ಒಂದು ಬೊಗಸೆ ತಗೊಂಡು ಪಾದದ ಹತ್ರ ಹಾಕ್ತಾರೆ. ದಾರೀಲಿ ಪುರಿ ಎರಚುವಾಗ್ಲೂ ಅದೇ ಹೂ. ಲಿಂಗಾಯತರ ಮನೆಯಾದ್ರೆ ಕೂರಿಸಿ ಒಯ್ಯೋದು, ವಿಮಾನಕ್ಕೆ, ಅಂದ್ರೆ ಕೂರಿಸಿ ಒಯ್ಯೋ ಆ ಚಟ್ಟಕ್ಕೆ, ಬಾಳೆಕಂದು, ಸೇವಂತಿಗೆ, ಜೊತೆಗೆ ಬಿಲ್ವಪತ್ರೆ. ಕ್ರಿಶ್ಚಿಯನ್ನರು ರೀತ್ ಕೇಳ್ತಾರೆ, ಅದಕ್ಕೆ ಬಿದಿರು ದಬ್ಬೆ ಬಗ್ಗಿಸಿ ಬಳೆ ಮಾಡಿ ಒದ್ದೆ ರಾಗಿ ಹುಲ್ಲು ಸುತ್ತಿ ಅದರೊಳಗೆ ಆಸ್ಟರ್ ಸಿಕ್ಕಿಸ್ತೀವಿ.

ಒಂದು ಸಲ ಪುಷ್ಯಮಾಸದಲ್ಲಿ ಪಕ್ಕದೂರಿನ ಅಜ್ಜಿ ಒಬ್ಬರು ಹೋದ್ರು, ಮುತ್ತೈದೆಯಾಗೇ ಹೋದ್ರು. ಹೆಣ್ಮಕ್ಕಳಿಗೆ ಅಮ್ಮನ ತಲೆಗೆ ಮಲ್ಲಿಗೆ ಮುಡಿಸಬೇಕು ಅಂತ ಆಸೆ, ಎಲ್ಲೂ ಇಲ್ಲ. ನಮ್ಮತ್ತೆ ಕಾಕಡ ಮತ್ತೆ ಕನಕಾಂಬರ ಸೇರಿಸಿ ಕಟ್ಟಿದ್ರು, ಕಾಕಡಕ್ಕೆ ವಾಸನೆ ಅಷ್ಟಿಲ್ಲ, ದೊಡ್ಡ ಮಗಳು ಸುಮ್ನೆ ನೋಡ್ತಾ ನಿಂತಿದ್ಲು. ಆಗ ಅಜ್ಜಿಯ ಸೊಸೆ ಹಿತ್ತಲಿಗೆ ಹೋಗಿ ಸೆರಗಲ್ಲಿ ಸ್ಫಟಿಕದ ಹೂ ಬಿಡಿಸ್ಕೊಂಡು ಬಂದ್ಲು, ಅಜ್ಜಿಯೇ ನೆಟ್ಟಿದ್ದ ಗಿಡ, ಚಳೀಲಿ ನೀಲಿ ನೀಲಿಯಾಗಿ ಬಿಡುತ್ತಲ್ಲ ಅದು. ನಮ್ಮತ್ತೆ ಕಟ್ಟಿದ್ದನ್ನ ಬಿಚ್ಚಿ ನಡುನಡುವೆ ಅದನ್ನ ಸೇರಿಸಿ ಮತ್ತೆ ಕಟ್ಟಿಕೊಟ್ರು. ದೊಡ್ಡ ಮಗಳೇ ಮುಡಿಸಿದ್ಲು. ಅವತ್ತಿಂದ ಸಾವಿನ ಫೋನ್ ಬಂದ್ರೆ ನಾನು ಕೇಳೋ ಮೊದಲನೇ ಪ್ರಶ್ನೆ, ನಿಮ್ಮ ಹಿತ್ತಲಲ್ಲಿ ಈಗ ಏನು ಬಿಟ್ಟಿದೆ ಅಂತ.

ಇನ್ನು ಫೋಮ್ ವಿಷ್ಯ. ಸ್ಟೇಜಲ್ಲಿ ಹೂ ಚುಚ್ಚೋ ಆ ಹಸಿರು ಇಟ್ಟಿಗೆ ಇದೆಯಲ್ಲ, 1954ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಕೈಗೆ ಪುಡಿಪುಡಿ ಆಗುತ್ತೆ, ಆದ್ರೆ ಅದು ಪ್ಲಾಸ್ಟಿಕ್ಕೇ. ಮೆಲ್ಬರ್ನ್‌ನ ಆರ್‌ಎಂಐಟಿ ಯೂನಿವರ್ಸಿಟಿಯೋರು ಪರೀಕ್ಷೆ ಮಾಡಿ, ನೀರಲ್ಲಿರೋ ಜೀವಿಗಳು ಆ ಪುಡಿ ತಿನ್ನುತ್ತವೆ, ಅದರಿಂದ ಕೆಮಿಕಲ್ಲೂ ನೀರಿಗೆ ಬಿಡುತ್ತೆ ಅಂತ ತೋರಿಸಿದಾರೆ. 2022ರ ಜುಲೈ 1ರಿಂದ ಡೆಕೊರೇಶನ್ ಥರ್ಮಾಕೋಲ್ ದೇಶಪೂರ್ತಿ ಬ್ಯಾನ್ ಆಗಿದೆ, ಈ ಫೋಮ್ ಮಾತ್ರ ಆ ಪಟ್ಟೀಲಿ ಇಲ್ಲ. ನಾವು ಬಾಳೆ ದಿಂಡು ಬಳಸ್ತೀವಿ. ಗೊನೆ ಕಡಿದ ಬಾಳೆಯ ಮೇಲಿನ ಪಟ್ಟೆ ಒಂದೆರಡು ಸುಲಿದು, ಒಂದಡಿ ಉದ್ದಕ್ಕೆ ಕೊಯ್ದು ಮಲಗಿಸಿ, ಬಿದಿರು ಕಡ್ಡೀಲಿ ಓರೆಯಾಗಿ ತೂತು ಮಾಡಿ ಕಾಂಡ ಇಳಿಸೋದು. ನೆಟ್ಟಗೆ ಚುಚ್ಚಿದ್ರೆ ಹೂ ತಲೆ ಭಾರಕ್ಕೆ ಎದ್ದು ಬರುತ್ತೆ, ಓರೆ ಇದ್ರೆ ಹಿಡ್ಕೊಳ್ಳುತ್ತೆ. ದಿಂಡಲ್ಲೇ ನೀರಿರುತ್ತೆ, ಮುಹೂರ್ತದಿಂದ ರಿಸೆಪ್ಶನ್‌ವರೆಗೂ ಬಾಡಲ್ಲ. ಸುಲಿದ ಪಟ್ಟೆ ಒಣಗಿಸಿ ಸೀಳಿದ್ರೆ ಅದೇ ಕಟ್ಟೋ ನಾರು. ಉಡುಪಿ ಕಡೆ ಶಂಕರಪುರದ ಮಲ್ಲಿಗೆನ ಇವತ್ತಿಗೂ ಬಾಳೆ ನಾರಲ್ಲೇ ಕಟ್ಟೋದು, ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಷ್ಟು ದೊಡ್ಡ ವ್ಯಾಪಾರವೇ ನಾರಲ್ಲಿ ನಡೀತಿರೋವಾಗ ನಮ್ಮ ಹಾರಕ್ಕೆ ನೈಲಾನ್ ಯಾಕೆ ಬೇಕು.

ರೇಟ್ ಬಗ್ಗೆ ಕೇಳ್ತಾರೆ. ಹೂವಿಗೆ ಕಮ್ಮಿ ಬೀಳುತ್ತೆ, ಕೂಲಿಗೆ ಜಾಸ್ತಿ ಬೀಳುತ್ತೆ, ಯಾಕಂದ್ರೆ ಕಟ್ಟೋದೆಲ್ಲ ಕೈಯಲ್ಲಿ, ಊರಿನ ಹೆಣ್ಮಕ್ಕಳು ರಾತ್ರಿ ಪೂರ್ತಿ ಕೂತು ಕಟ್ಟಿರ್ತಾರೆ, ಆ ದುಡ್ಡು ಅವರ ಕೈಗೇ ಹೋಗುತ್ತೆ. ಚೌಟ್ರಿ ಖಾಲಿ ಮಾಡೋ ಟೈಮಿಗೆ ನಮ್ಮ ಟೆಂಪೋ ವಾಪಸ್ ಬಂದು ಹೂ, ದಿಂಡು, ಸೊಪ್ಪು ಎಲ್ಲಾ ತುಂಬ್ಕೊಂಡು ಹೋಗುತ್ತೆ, ಸಗಣಿ ಜೊತೆ ಗುಂಡಿಗೆ ಹಾಕಿದ್ರೆ ಮುಂದಿನ ಮಡಿಗೆ ಗೊಬ್ಬರ. ನೀವು ನಮಗೇ ಹೇಳ್ಬೇಕು ಅಂತಿಲ್ಲ, ನಿಮ್ಮೂರಿನ ಹೂವಿನೋರಿಗೇ ಹೇಳಿ, ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಯಾವ ದಾರದಲ್ಲಿ ಕಟ್ತೀರ, ಯಾವುದರಲ್ಲಿ ಚುಚ್ತೀರ, ಮುಗಿದ ಮೇಲೆ ಯಾರು ಎತ್ಕೊಂಡು ಹೋಗ್ತೀರ, ಇಷ್ಟು ಕೇಳಿಬಿಡಿ.