ಸೈಗಾನ್ ಮಾಡೆಲ್: ಹುಣಸೆ ಮರ ಕಡಿದಾಯ್ತು

ಮೇ, ಕೊನೇ ಭಾನುವಾರ

ಮಾಡಿದ್ದೆಲ್ಲ ಕಿತ್ತು ಹಾಕಿದೆ. ಮೂರು ಭಾನುವಾರ ಕೂತು ಸನ್‌ಬೋರ್ಡಿನಲ್ಲಿ ಕತ್ತರಿಸಿ ಅಂಟಿಸಿದ್ದ ತಾರಸಿ, ಅದರ ಮೇಲಿನ ಪುಟ್ಟ ಲಿಫ್ಟ್ ರೂಮು, ಎಲ್ಲ ಈಗ ಕಸದ ಬುಟ್ಟಿಯಲ್ಲಿದೆ. ಹಲ್ಲುಕಡ್ಡಿಯಲ್ಲಿ ಮಾಡಿದ ಏಣಿ ಮಾತ್ರ ಬಿಸಾಕಲು ಮನಸ್ಸು ಬರಲಿಲ್ಲ. ಡಬ್ಬಿಯಲ್ಲಿಟ್ಟೆ.

ನಾನು ಮಾಡಲು ಹೊರಟಿರೋದು ದಕ್ಷಿಣ ವಿಯೆಟ್ನಾಮಿನ ರಾಜಧಾನಿಯಾಗಿದ್ದ ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿ, 1975ರ ಏಪ್ರಿಲ್ 29ರ ರಾತ್ರಿ. ಉತ್ತರ ವಿಯೆಟ್ನಾಮಿನ ಸೇನೆ ಊರ ಬಾಗಿಲಿಗೆ ಬಂದಿತ್ತು, ಅಮೆರಿಕನ್ನರು ಹೆಲಿಕಾಪ್ಟರ್‌ಗಳಲ್ಲಿ ಜನರನ್ನು ಹೊರಗೆ ಸಾಗಿಸುತ್ತಿದ್ದರು. ಆ ಫೋಟೊ ನೀವೂ ನೋಡಿರುತ್ತೀರಿ. ಕಟ್ಟಡದ ನೆತ್ತಿಯ ಮೇಲೆ ಹೆಲಿಕಾಪ್ಟರ್, ಏಣಿ ತುಂಬ ಜನ, ಮೇಲಿಂದ ಕೈ ಚಾಚಿದ ಒಬ್ಬ. ಅದನ್ನೇ ಮುಂದಿಟ್ಟುಕೊಂಡು ಅಳತೆ ಹಾಕಿದ್ದೆ. ಆಮೇಲೆ ಗೊತ್ತಾಯ್ತು, ಅದು ರಾಯಭಾರ ಕಚೇರಿಯೇ ಅಲ್ಲ! 22, ಜಿಯಾ ಲಾಂಗ್ ರಸ್ತೆಯ ಒಂದು ಅಪಾರ್ಟ್‌ಮೆಂಟ್. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನೌಕರರು ಇದ್ದ ಕಟ್ಟಡ. ಹೆಲಿಕಾಪ್ಟರ್ ಕೂಡ ಸೇನೆಯದ್ದಲ್ಲ, ಸಿಐಎ ನಡೆಸುತ್ತಿದ್ದ ಏರ್ ಅಮೆರಿಕ ಕಂಪನಿಯದ್ದು. ಫೋಟೊ ತೆಗೆದ ಹ್ಯೂಬರ್ಟ್ ವಾನ್ ಎಸ್ ಅವರೇ ಇದನ್ನು ಬರೆದಿದ್ದಾರೆ. ಆದರೂ ಇವತ್ತಿಗೂ ಆ ಫೋಟೊ ಕೆಳಗೆ ‘ರಾಯಭಾರ ಕಚೇರಿ’ ಅಂತಲೇ ಹಾಕುತ್ತಾರೆ. ನಾನೂ ನಂಬಿಕೊಂಡು ಕೂತಿದ್ದೆ.

ಜೂನ್, ಎರಡನೇ ಭಾನುವಾರ

ಅಳತೆ 1:144. ಇದಕ್ಕಿಂತ ದೊಡ್ಡದು ಮಾಡಿದರೆ ಮನೆಯವರು ಊಟಕ್ಕೆ ನೆಲದ ಮೇಲೆ ಕೂರಬೇಕಾಗುತ್ತೆ.

ಆರು ಮಹಡಿಯ ಕಟ್ಟಡ. ಮುಂದೆ ಪೂರ್ತಿ ಕಾಂಕ್ರೀಟ್ ಜಾಲರಿ, ಬಿಸಿಲಿಗೂ ಅಡ್ಡ, ರಾಕೆಟ್ಟಿಗೂ ಅಡ್ಡ. ಡ್ರಾಯಿಂಗ್ ಶೀಟಿನಲ್ಲಿ ಕತ್ತರಿಸಿ ನೋಡಿದೆ, ಎರಡನೇ ಸಾಲಿಗೇ ಹರಿಯಿತು. ಕೊನೆಗೆ ಕಿಟಕಿಗೆ ಹಾಕೋ ಸೊಳ್ಳೆ ಜಾಲರಿ ತುಂಡಿಗೆ ಎರಡು ಕೋಟ್ ಬಿಳಿ ಪ್ರೈಮರ್ ಹೊಡೆದೆ. ದೂರದಿಂದ ಪರವಾಗಿಲ್ಲ. ಹತ್ತಿರ ಬರಬೇಡಿ.

ಜೂನ್, ಕೊನೇ ವಾರ

ಮರ ಮಾಡಿದೆ. ಈ ಮಾಡೆಲ್ ಶುರು ಮಾಡಿದ್ದೇ ಈ ಮರಕ್ಕೋಸ್ಕರ.

ರಾಯಭಾರ ಕಚೇರಿಯ ಕಾರ್ ಪಾರ್ಕಿಂಗಿನಲ್ಲಿ ಒಂದು ದೊಡ್ಡ ಹುಣಸೆ ಮರ ಇತ್ತು. ಕಟ್ಟಡದ ತಾರಸಿ ಚಿಕ್ಕದು, ಅಲ್ಲಿಗೆ ಸಿಎಚ್-46 ಅನ್ನೋ ಹೆಲಿಕಾಪ್ಟರ್ ಮಾತ್ರ ಇಳಿಯಬಹುದಿತ್ತು. ಜಾಸ್ತಿ ಜನ ಹಿಡಿಸೋ ಸಿಎಚ್-53 ಇಳಿಯಬೇಕು ಅಂದರೆ ಕೆಳಗಿನ ಪಾರ್ಕಿಂಗೇ ಗತಿ. ಅಲ್ಲಿ ಈ ಮರ ಅಡ್ಡ. ರಾಯಭಾರಿ ಗ್ರಹಾಂ ಮಾರ್ಟಿನ್ ಕೊನೇ ದಿನದವರೆಗೂ ಕಡಿಯಲು ಬಿಡಲಿಲ್ಲ. ಮರ ಬಿದ್ದರೆ ಅಮೆರಿಕನ್ನರು ಗಂಟುಮೂಟೆ ಕಟ್ಟಿದರು ಅಂತ ಊರಿಗೆಲ್ಲ ಗೊತ್ತಾಗುತ್ತೆ, ಗಲಾಟೆ ಏಳುತ್ತೆ ಅನ್ನೋದು ಅವರ ಲೆಕ್ಕ. ಇದೇ ಯುದ್ಧದಲ್ಲಿ ದತ್ತು ಮಗನನ್ನು ಕಳೆದುಕೊಂಡಿದ್ದ ಮನುಷ್ಯ ಅವರು. ಸೋತೆವು ಅಂತ ಒಪ್ಪಿಕೊಳ್ಳೋದು ಸುಲಭ ಇರಲಿಲ್ಲವೇನೋ.

ಕಾಂಡಕ್ಕೆ ಹಳೇ ವೈರಿನ ತಾಮ್ರದ ಎಳೆ. ಮೂವತ್ತು ಎಳೆ ಸೇರಿಸಿ ಹೊಸೆದು, ಮೇಲೆ ಬಿಡಿಸಿ ಕೊಂಬೆ ಮಾಡಿದೆ. ಫೆವಿಕಾಲಿಗೆ ಮರದ ಹೊಟ್ಟು ಕಲಸಿ ಬಳಿದರೆ ತೊಗಟೆ. ಎಲೆಗೆ ಒಣಗಿದ ನುಗ್ಗೆಸೊಪ್ಪಿನ ಪುಡಿ. ಒಣಗಲು ಬಾಗಿಲ ಪಕ್ಕ ಇಟ್ಟಿದ್ದೆ. ಅಮ್ಮ ನೋಡಿ, “ಹುಣಸೆ ಮರ ಹೊಸಿಲ ಹತ್ರ ಇಡ್ತಾರೇನೋ? ದೆವ್ವ ಸೇರ್ಕೊಳ್ಳುತ್ತೆ” ಅಂದರು.

“ಇದನ್ನ ಕಡಿಯೋದಕ್ಕೇ ಮಾಡಿರೋದಮ್ಮ.”

“ಕಡಿಯೋದಕ್ಕೆ ಯಾರಾದ್ರೂ ಮರ ಮಾಡ್ತಾರಾ?”

ಉತ್ತರ ಹೊಳೆಯಲಿಲ್ಲ.

ಜುಲೈ, ಮೊದಲ ಭಾನುವಾರ

ಮಳೆಗೆ ತಳದ ಬೋರ್ಡು ಬಾಗಿದೆ. ಅಂಗಡಿಯವರು ಬಾಗಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದರು. ಎರಡು ದಿನ ಅರೆಯೋ ಕಲ್ಲು ಹೇರಿಟ್ಟಿದ್ದೆ.

ಇವತ್ತಿನ ಕೆಲಸ ಹೆಲಿಕಾಪ್ಟರ್ ಲೆಕ್ಕ. ಸಿಎಚ್-53ರ ಮೇಲಿನ ರೆಕ್ಕೆ ಸುತ್ತೋ ವೃತ್ತ 22 ಮೀಟರ್ ಅಗಲ. ನನ್ನ ಅಳತೆಯಲ್ಲಿ 15.3 ಸೆಂಟಿಮೀಟರ್. ರಟ್ಟಿನಲ್ಲಿ ಅಷ್ಟಗಲದ ತಟ್ಟೆ ಕತ್ತರಿಸಿ ಪಾರ್ಕಿಂಗ್ ಮೇಲೆ ಹಿಡಿದೆ. ಗೋಡೆ ಕಡೆ ಸರಿಸಿದೆ, ಕೊಂಬೆಗೆ ತಾಗಿತು. ಗೇಟಿನ ಕಡೆ ಸರಿಸಿದೆ, ಆಗಲೂ ತಾಗಿತು. ಓದುವಾಗ ಮರ ಅಡ್ಡ ಅಂದರೆ ಏನೋ ಅನಿಸಿತ್ತು. ತಟ್ಟೆ ಹಿಡಿದಾಗ ಕಣ್ಣಿಗೇ ಕಂಡಿತು.

ಕಟಿಂಗ್ ಪ್ಲೇಯರ್ ತಗೊಂಡು ಬುಡದಲ್ಲಿ ಒತ್ತಿದೆ. ಕಟಕ್. ಮೂರು ಸಂಜೆ ಮಾಡಿದ ಮರ ಪಕ್ಕಕ್ಕೆ ಉರುಳಿತು. ನುಗ್ಗೆಪುಡಿ ಮೇಜೆಲ್ಲ ಚೆಲ್ಲಿತು. ಮೋಟು ಉಳಿಯಿತು.

ಅಲ್ಲೇ ತಲೆಗೊಂದು ಹುಳ ಬಿಟ್ಟುಕೊಂಡೆ. ಜನರನ್ನು ಸಾಗಿಸೋದು ತಡವಾದದ್ದಕ್ಕೆ ಇಷ್ಟು ದಿನ ನಾನೂ ಮಾರ್ಟಿನ್ ತಪ್ಪು, ಮರದ್ದೇ ತಪ್ಪು ಅಂದುಕೊಂಡಿದ್ದೆ. ನಿಜವಾದ ಮರ ಬಿದ್ದಿದ್ದು 29ರಂದು, ದೊಡ್ಡ ಹೆಲಿಕಾಪ್ಟರ್‌ಗಳು ಅಂಗಳಕ್ಕೆ ಬರೋದಕ್ಕೆ ಮುಂಚೆಯೇ. ಹಾಗಿದ್ದ ಮೇಲೆ ಮರ ತಡ ಮಾಡಿಸಿದ್ದೆಷ್ಟು?

ಹೆಲಿಕಾಪ್ಟರ್ ಅನ್ನೋದೇ ಕೊನೇ ದಾರಿ. ಅಸಲಿ ದಾರಿ ತಾನ್ ಸನ್ ನ್ಯುತ್ ವಿಮಾನ ನಿಲ್ದಾಣ. ಅಲ್ಲಿಂದ ಆ ತಿಂಗಳು ಸುಮಾರು 50 ಸಾವಿರ ಜನ ವಿಮಾನದಲ್ಲಿ ಹೊರಬಿದ್ದಿದ್ದರು. 29ರ ನಸುಕಿನಲ್ಲಿ ಅಲ್ಲಿಗೆ ರಾಕೆಟ್ ಬಿದ್ದು ಇಬ್ಬರು ಮರೀನ್ ಸೈನಿಕರು ಸತ್ತರು. ರನ್‌ವೇ ಕೆಟ್ಟಿತು. ಅಲ್ಲಿಗೆ ವಿಮಾನದ ದಾರಿ ಬಂದ್. ಆಮೇಲೆ ಹೆಲಿಕಾಪ್ಟರ್‌ಗಳು ಹಗಲು ರಾತ್ರಿ ಹಾರಿದರೂ ಸಾಗಿಸಿದ್ದು 7 ಸಾವಿರದಷ್ಟು ಜನರನ್ನ. ಅಂದರೆ ಜನರನ್ನು ಕಳಿಸಬೇಕಿದ್ದದ್ದು ರನ್‌ವೇ ಚೆನ್ನಾಗಿದ್ದ ವಾರಗಳಲ್ಲಿ. ಆ ವಾರಗಳು ಎಲ್ಲಿ ಹೋದವು ಅಂತ ಕೇಳಿದರೆ ವಾಷಿಂಗ್ಟನ್ನಿಗೂ ಹೋಗಬೇಕಾಗುತ್ತೆ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ಇಲ್ಲಿ ನೆಲದ ಬದಲು ಮರ ಸಿಕ್ಕಿತ್ತು.

ಜುಲೈ, ಅದೇ ವಾರ

ಬೋರ್ಡು ಮತ್ತೆ ಕಲ್ಲಿನ ಕೆಳಗಿದೆ. ಸುಮ್ನೆ ಕೂರೋ ಬದಲು ಗೋಡೆಗೆ ಒಂದು ಚಾರ್ಟ್ ಅಂಟಿಸಿ, ಯಾರು ಯಾರ ಕಡೆ ಬೆರಳು ತೋರಿಸಿದರು ಅಂತ ದಾರ ಎಳೆದೆ.

ಏಪ್ರಿಲ್ 10ಕ್ಕೆ ಅಮೆರಿಕದ ಅಧ್ಯಕ್ಷ ಫೋರ್ಡ್ ಸಂಸತ್ತಿಗೆ ಹೋಗಿ, ದಕ್ಷಿಣ ವಿಯೆಟ್ನಾಮಿಗೆ 72.2 ಕೋಟಿ ಡಾಲರ್ ಸೇನಾ ನೆರವು ಕೊಡಿ ಅಂತ ಕೇಳಿದರು. ಸಂಸತ್ತು ಕೊಡಲಿಲ್ಲ. 21ಕ್ಕೆ ಸೈಗಾನಿನ ಅಧ್ಯಕ್ಷ ಥಿಯು ಅಮೆರಿಕ ಕೈಕೊಟ್ಟಿತು ಅಂತ ಬೈದು, ಅತ್ತು, ರಾಜೀನಾಮೆ ಕೊಟ್ಟರು. ಉತ್ತರ ವಿಯೆಟ್ನಾಮಿನವರು 1973ರ ಶಾಂತಿ ಒಪ್ಪಂದ ಮುರಿದರೆ ಸುಮ್ಮನಿರಲ್ಲ ಅಂತ ಹಿಂದಿನ ಅಧ್ಯಕ್ಷ ನಿಕ್ಸನ್ ಗುಟ್ಟಾಗಿ ಬರೆದ ಪತ್ರಗಳು ಥಿಯು ಕೈಲಿದ್ದವು. ಸಂಸತ್ತಿನವರಿಗೆ ಅದರ ಸುದ್ದಿಯೇ ಇರಲಿಲ್ಲ. ಫೋರ್ಡ್ ಕಡೆಯವರು ಸಂಸತ್ತನ್ನು ತೋರಿಸಿದರು, ಸಂಸತ್ತಿನವರು ನಿಕ್ಸನ್ ಮತ್ತು ವಿದೇಶಾಂಗ ಸಚಿವ ಕಿಸಿಂಜರರನ್ನ. ಎಲ್ಲರೂ ಸೇರಿ ಮಾರ್ಟಿನ್ನರನ್ನ. ಹಸಿರು ದಾರ ಅರ್ಧಕ್ಕೇ ಖಾಲಿಯಾಯ್ತು.

ಒಂದು ಗಂಟು ಮಾತ್ರ ಬಿಡಿಸಲಾಗದ್ದು. ಏಪ್ರಿಲ್ 14ರಂದು ಫೋರ್ಡ್ ಸೆನೆಟರ್‌ಗಳ ಜೊತೆ ಕೂತಿದ್ದರು. ಅಲ್ಲಿ 32 ವಯಸ್ಸಿನ ಒಬ್ಬ ಹೊಸ ಸೆನೆಟರ್, ಅಮೆರಿಕನ್ನರನ್ನು ಕರೆತರಲು ಎಷ್ಟು ಬೇಕಾದರೂ ದುಡ್ಡಿಗೆ ಮತ ಹಾಕುತ್ತೇನೆ, ವಿಯೆಟ್ನಾಮಿನವರನ್ನು ಕರೆತರೋ ವಿಷಯ ಅದಕ್ಕೆ ಬೆರೆಸಬೇಡಿ ಅಂದರು. ಹೆಸರು ಜೋ ಬೈಡನ್. 46 ವರ್ಷ ಕಳೆದು, 2021ರ ಏಪ್ರಿಲ್ 14ರಂದೇ, ಅಫ್ಗಾನಿಸ್ತಾನದಿಂದ ಸೇನೆ ವಾಪಸ್ ಅಂತ ಹೇಳಿದ್ದೂ ಅವರೇ. ಆಮೇಲೆ ಕಾಬೂಲ್ ವಿಮಾನ ನಿಲ್ದಾಣದ ಗೇಟಿನಲ್ಲಿ ಆದ ನೂಕುನುಗ್ಗಲು, ಬಾಂಬ್ ಸ್ಫೋಟ ಗೊತ್ತಲ್ಲ. ಒಬ್ಬರು ಟ್ರಂಪ್ ಕಾಲದಲ್ಲಿ ತಾಲಿಬಾನ್ ಜೊತೆ ಮಾಡಿಕೊಂಡ ದೋಹಾ ಒಪ್ಪಂದ ಅಂತ, ಇನ್ನೊಬ್ಬರು ಬೈಡನ್ ಅವಸರ ಅಂತ. ಅದಕ್ಕೆ ಬೇರೆ ಚಾರ್ಟೇ ಬೇಕು. ನನ್ನ ಗೋಡೆಯಲ್ಲಿ ಜಾಗ ಇಲ್ಲ.

ಜುಲೈ, ಮೂರನೇ ಭಾನುವಾರ

ಬೋರ್ಡು ಸಮ ಆಯ್ತು. ಅಂಗಳಕ್ಕೆ ಬಣ್ಣ ಬಳಿದೆ. ರಾತ್ರಿ ಹೆಲಿಕಾಪ್ಟರ್ ಇಳಿಯಲು ಕಾರುಗಳನ್ನು ಸುತ್ತ ನಿಲ್ಲಿಸಿ ಹೆಡ್‌ಲೈಟ್ ಹಾಕಿದ್ದರು. ನಾನು ಸೀರಿಯಲ್ ಸೆಟ್ಟಿನ ಎಂಟು ಪುಟ್ಟ ಬಲ್ಬ್ ಸೇರಿಸಿದೆ. ಮೂರು ಹತ್ತುತ್ತಿಲ್ಲ.

ಮಾರ್ಟಿನ್ ಬಗ್ಗೆ ಸ್ವಲ್ಪ ಮೆತ್ತಗಾಗಿದ್ದೇನೆ. ಆ ರಾತ್ರಿ ಅವರು ವಿಯೆಟ್ನಾಮಿನವರನ್ನೂ ಹತ್ತಿಸುತ್ತಲೇ ಇದ್ದರು. ಅಮೆರಿಕನ್ನರು ಮುಗಿದರೆ ಹೆಲಿಕಾಪ್ಟರ್ ಬರೋದೂ ನಿಲ್ಲುತ್ತೆ ಅಂತ ಅವರಿಗೆ ಗೊತ್ತಿತ್ತು ಅಂತ ಜೊತೆಗಿದ್ದವರು ಹೇಳಿದ್ದಾರೆ. ಕೊನೆಗೆ ಮೇಲಿನಿಂದ ಆದೇಶ ಬಂತು, ಇನ್ನು ಅಮೆರಿಕನ್ನರು ಮಾತ್ರ. 30ರ ಬೆಳಗಿನ ಜಾವ ಐದಕ್ಕೆ ಮಾರ್ಟಿನ್ ಹೊರಟರು. ವಾಷಿಂಗ್ಟನ್ನಿನಲ್ಲಿ ಎಲ್ಲರೂ ಬಂದಾಯ್ತು ಅಂತ ಹೇಳಿಬಿಟ್ಟರು. ಆಗ ಇನ್ನೂ 129 ಮರೀನರು ಅಲ್ಲೇ ಇದ್ದರು!

ಅಂಗಳದಲ್ಲಿ ಸುಮಾರು 420 ಜನ ಕಾಯುತ್ತಿದ್ದರು. ಕಚೇರಿಯ ಅಗ್ನಿಶಾಮಕದವರೂ ಇದ್ದರು, ಹೆಲಿಕಾಪ್ಟರಿಗೆ ಬೆಂಕಿ ಬಿದ್ದರೆ ಆರಿಸಲು ಬೇಕು ಅಂತ ಕೊನೆವರೆಗೆ ಉಳಿದವರು. ದಕ್ಷಿಣ ಕೊರಿಯಾದ ರಾಜತಾಂತ್ರಿಕರೂ ಇದ್ದರು. ಯಾರನ್ನೂ ಬಿಟ್ಟು ಹೋಗಲ್ಲ ಅಂತ ಅವರಿಗೆ ಮಾತು ಕೊಟ್ಟವರು ಅಮೆರಿಕ ಸೇನೆಯ ಕ್ಯಾಪ್ಟನ್ ಸ್ಟುವರ್ಟ್ ಹೆರಿಂಗ್ಟನ್. ಆದೇಶ ಬಂದ ಮೇಲೆ ಮೂತ್ರಕ್ಕೆ ಹೋಗಿ ಬರ್ತೀನಿ ಅಂತ ಎದ್ದು, ಕತ್ತಲಲ್ಲಿ ಕಟ್ಟಡದೊಳಗೆ ಹೋಗಿ, ತಾರಸಿ ಹತ್ತಿ ಹೊರಟುಹೋದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಚಾರ್ಟಿನಲ್ಲಿ ತಮ್ಮ ಕಡೆಗೇ ದಾರ ಎಳೆದುಕೊಂಡವರು ಇವರೊಬ್ಬರೇ.

ಆಗಸ್ಟ್, ಮೊದಲ ಭಾನುವಾರ

ಮಾಡೆಲ್ಲಿನ ಗಂಟೆ ಬದಲಾಯಿಸಿದೆ. ಮೊದಲು ಹೆಲಿಕಾಪ್ಟರ್ ಇಳಿಯೋ ಹೊತ್ತು ತೋರಿಸಬೇಕು ಅಂತಿತ್ತು. ಈಗ ಬೆಳಗಿನ ಜಾವ ಐದೂವರೆ. ಅಂಗಳದಲ್ಲಿ ಹೆಲಿಕಾಪ್ಟರ್ ಇಲ್ಲ. ಮೋಟು ಇದೆ, ಜನ ಇದ್ದಾರೆ. ಸಿಎಚ್-53 ಕಿಟ್ ತರಿಸೋ ಖರ್ಚೂ ಉಳಿಯಿತು.

420 ಬೊಂಬೆ ಬೇಕು. ಒಂದು ಬೆಂಕಿಕಡ್ಡಿಗೆ ಮೂರು ಆಳು, ಒಬ್ಬೊಬ್ಬರು 1.2 ಸೆಂಟಿಮೀಟರ್, ತಲೆಗೆ ಒಂದು ಚುಕ್ಕೆ ಎಂ-ಸೀಲ್. ಕೂತಂತೆ ಕಾಣಲು ನಡು ಸ್ವಲ್ಪ ಕುಯ್ದು ಬಗ್ಗಿಸಬೇಕು, ಹತ್ತರಲ್ಲಿ ಎರಡು ಮುರಿಯುತ್ತವೆ. ಇನ್ನು ಆರು ಸಿಎಚ್-53 ಬಂದಿದ್ದರೆ ಅಷ್ಟೂ ಜನ ಹೋಗಿಬಿಡುತ್ತಿದ್ದರು. ಅದಕ್ಕೇ ಆರು ಸಾಲು, ಸಾಲಿಗೆ 70.

ಇವತ್ತಿಗೆ 287 ಆಯ್ತು. ನಾಲ್ಕು ಸಾಲು ತುಂಬಿದೆ, ಐದನೇದರಲ್ಲಿ ಏಳು ಜನ. ಬೆಂಕಿಪೊಟ್ಟಣ ಖಾಲಿ. ನಾಳೆ ತರಬೇಕು.