ಹಳೆ ಸಿಮ್ ಬಿಡುವ ಮುಂಚೆ

ಇವತ್ತು ಅಮ್ಮನ ಪಿಂಚಣಿ ಖಾತೆಯಲ್ಲಿ ಫೋನ್ ನಂಬರ್ ಬದಲಾಯಿಸಿದೆವು. ಹಳೆ ಸಿಮ್ ಇನ್ನೂ ಚಾಲ್ತಿಯಲ್ಲಿತ್ತು, ಅದಕ್ಕೇ ಕೆಲಸ ಸಲೀಸಾಯಿತು. ಹಳೆ ನಂಬರಿಗೆ ಒಂದು ಓಟಿಪಿ, ಹೊಸದಕ್ಕೆ ಒಂದು. ಅಷ್ಟೇ.

ಸಿಮ್ ಬಂದ್ ಆಗಿದ್ದರೆ? ನಂಬರ್ ಬದಲಿಸೋಕೂ ಹಳೆ ನಂಬರಿಗೆ ಬರುವ ಓಟಿಪಿಯೇ ಬೇಕು ಅನ್ನುವ ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಆಮೇಲೆ ಗುರುತಿನ ಚೀಟಿ ಹಿಡಿದು ಕಚೇರಿಗೇ ಹೋಗಬೇಕಾಗುತ್ತದೆ. ಮಂಡಿನೋವಿರುವ ವಯಸ್ಸಾದವರಿಗೆ ಅದು ಸಣ್ಣ ವಿಷಯ ಅಲ್ಲ. ಇನ್ನೂ ಜಾಸ್ತಿ ಭಯದ ಸಂಗತಿ ಒಂದಿದೆ. ಬಳಸದೆ ಬಿಟ್ಟ ನಂಬರನ್ನು ಕಂಪನಿಗಳು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಆಗ ನಮ್ಮ ಓಟಿಪಿ ಯಾರೋ ಗೊತ್ತಿಲ್ಲದವರ ಫೋನಿಗೆ ಹೋಗುತ್ತದೆ.

ಬ್ಯಾಂಕಿನಲ್ಲಿ ನಂಬರ್ ಬದಲಾಯಿಸಿದರೆ ಪಿಂಚಣಿ ಖಾತೆಯಲ್ಲೂ ತಾನಾಗೇ ಬದಲಾಗುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಎರಡೂ ಬೇರೆ ಬೇರೆ ದಾಖಲೆ.

ಮೊದಲೆಲ್ಲಾ ಮನೆ ವಿಳಾಸ ಸರಿಯಿದ್ದರೆ ಸಾಕಿತ್ತು, ಕಾಗದ ಬಾಗಿಲಿಗೇ ಬರುತ್ತಿತ್ತು. ಈಗ ಎಲ್ಲವೂ ನಿಂತಿರುವುದು ರೀಚಾರ್ಜ್ ತಪ್ಪಿದರೆ ಕೈಬಿಟ್ಟು ಹೋಗುವ ನಂಬರಿನ ಮೇಲೆ. ಮೆಸೇಜ್ ತೆರೆಯಲೂ ಬಾರದವರ ಹಕ್ಕಿನ ದುಡ್ಡು ಒಂದು ಮೆಸೇಜಿಗಾಗಿ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಅಂಥವರಿಗೆ ಸುಲಭದ ಇನ್ನೊಂದು ದಾರಿ ಇರಲೇಬೇಕು, ಅಲ್ವಾ?

ಸದ್ಯಕ್ಕೆ, ಮನೆಯಲ್ಲಿ ಹಿರಿಯರಿದ್ದರೆ ಅವರ ಖಾತೆಯಲ್ಲಿ ಯಾವ ನಂಬರ್ ಇದೆ ಅಂತ ಒಮ್ಮೆ ನೋಡಿ. "ನಂಬರ್ ಬದಲಿಸಿಕೊಡ್ತೀವಿ, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಏನೂ ಹೇಳದೆ ಇಟ್ಟುಬಿಡಿ ಅಂತಲೂ ಅವರಿಗೆ ತಿಳಿಸಿ.